ರಾತ್ರಿ ಹತ್ತರ ಮೇಲೆ ಮನೆಯ ನೆಟ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗ ಈ ವರ್ಷ ಹತ್ತನೇ ಇಯತ್ತೆ. ನೋಟ್ಸೆಲ್ಲ ವಾಟ್ಸಾಪಿನಾಗ ಬರ್ತಾವು ಅಂತ ಫೋನ್ ಕೊಡಿಸಿದ್ವಿ. ಮನ್ಯಾಗ ಫೈಬರ್ ನೆಟ್ ಐತಿ. ರಾತ್ರಿ ಒಂದೂವರೆ ತನಕ ಕೌದಿ ಒಳಗ ಫೋನ್ ಹಿಡಕೊಂಡು ಮಲಗಿರ್ತಾನ. ವೈಫೈ ಪಾಸ್‌ವರ್ಡ್ ಮೂರು ಸಲ ಬದಲಿಸಿದ್ವಿ, ಎರಡು ದಿನದಾಗ ಅವಗ ಹೊಸಾದು ಗೊತ್ತಾಗಿರತೈತಿ. ಏನ್ ಮಾಡೂದ್ರಿ?
- ಒಬ್ಬ ತಾಯಿ, ನವನಗರ, ಬಾಗಲಕೋಟೆ

ಉತ್ತರ: ಪಾಸ್‌ವರ್ಡ್ ಅವನಿಗೆ ಹೇಗೆ ಗೊತ್ತಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಮನೆಯ ಯಾವುದಾದರೂ ಒಂದು ಫೋನ್ ವೈಫೈಗೆ ಸೇರಿದ್ದರೆ ಸಾಕು. ಅದರ ವೈಫೈ ಸೆಟ್ಟಿಂಗ್‌ನಲ್ಲಿ ‘ಶೇರ್’ ಒತ್ತಿದರೆ ಕ್ಯೂಆರ್ ಚೌಕ ಬರುತ್ತದೆ. ಎಷ್ಟೋ ಆಂಡ್ರಾಯ್ಡ್ ಫೋನ್‌ಗಳಲ್ಲಿ ಆ ಚೌಕದ ಕೆಳಗೇ ಪಾಸ್‌ವರ್ಡ್ ಇದ್ದಂತೆ ಬರೆದಿರುತ್ತದೆ. ಅಜ್ಜಿಯ ಫೋನಿಗೆ ಲಾಕ್ ಇಲ್ಲದಿದ್ದರೆ ಇದು ಹತ್ತು ಸೆಕೆಂಡಿನ ಕೆಲಸ. ಇನ್ನೊಂದು ದಾರಿ, ನೆಟ್ ಡಬ್ಬಿಯ (ರೂಟರ್) ಮೇಲಿನ ಡಬ್ಲ್ಯುಪಿಎಸ್ ಗುಂಡಿ. ಅದನ್ನು ಒತ್ತಿದ ಮೇಲೆ ಸುಮಾರು ಎರಡು ನಿಮಿಷ, ಕೆಲವು ಫೋನ್ ಮತ್ತು ಲ್ಯಾಪ್‌ಟಾಪ್‌ಗಳು ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಬರುತ್ತವೆ.

ಆದ್ದರಿಂದ ಅವನಿಗೆ ಬೇರೆಯದೇ ಹೆಸರಿನ ವೈಫೈ ಕೊಟ್ಟು, ಸಮಯದ ಬೀಗವನ್ನು ಆ ಹೆಸರಿಗೆ ಮಾತ್ರ ಹಾಕಿ. ಡಬ್ಬಿಯ ಅಡಿಯ ಚೀಟಿಯಲ್ಲಿ 192.168.1.1 ಅಥವಾ 192.168.0.1ರಂಥ ಒಂದು ವಿಳಾಸ ಇರುತ್ತದೆ. ವೈಫೈಗೆ ಸೇರಿದ ಫೋನಿನ ಬ್ರೌಸರ್‌ನಲ್ಲಿ ಅದನ್ನು ಬರೆದರೆ ಡಬ್ಬಿಯ ಒಳಪುಟ ತೆರೆಯುತ್ತದೆ. ಅಲ್ಲಿ ಕೇಳುವ ಅಡ್ಮಿನ್ ಪಾಸ್‌ವರ್ಡ್ ವೈಫೈ ಪಾಸ್‌ವರ್ಡ್‌ಗಿಂತ ಬೇರೆ. ಅದೂ ಸಾಮಾನ್ಯವಾಗಿ ಅದೇ ಚೀಟಿಯಲ್ಲಿ ಇರುತ್ತದೆ, ಹುಡುಗ ಓದಿಯೂ ಇರುತ್ತಾನೆ. ಮೊದಲು ಅದನ್ನು ಬದಲಿಸಿ, ಕಾಗದದಲ್ಲಿ ಬರೆದು ತಿಜೋರಿಯಲ್ಲಿಡಿ. ನಂತರ ಡಬ್ಲ್ಯುಪಿಎಸ್ ಆಫ್ ಮಾಡಿ. ವೈಫೈ ಪುಟದಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಅಥವಾ ಎಸ್‌ಎಸ್‌ಐಡಿ-2 (ಎರಡನೇ ವೈಫೈ ಹೆಸರು) ಎಂದಿರುವುದನ್ನು ಆನ್ ಮಾಡಿ, ಹೆಸರು ಮತ್ತು ಪಾಸ್‌ವರ್ಡ್ ಇಟ್ಟು ಮಗನಿಗೆ ಕೊಡಿ. ಕೊನೆಗೆ ಹಳೆಯ ವೈಫೈಯ ಪಾಸ್‌ವರ್ಡ್ ಬದಲಿಸಿ, ದೊಡ್ಡವರ ಫೋನ್‌ಗಳಿಗೆ ಮಾತ್ರ ಹಾಕಿ. ಹಲವು ಡಬ್ಬಿಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ವೈಫೈ ಸಿಗ್ನಲ್ ಬಿಡುತ್ತವೆ. ಎರಡರಲ್ಲೂ ಬದಲಿಸಬೇಕು, ಒಂದನ್ನು ಮರೆತರೆ ಹಿಂಬಾಗಿಲು ತೆರೆದೇ ಇರುತ್ತದೆ. ಅಜ್ಜಿಯ ಫೋನಿಗೂ ಒಂದು ಲಾಕ್ ಇರಲಿ.

ಸಮಯ ಹಾಕುವಾಗ ಮೂರು ಕಡೆ ತಪ್ಪಾಗುತ್ತದೆ. ಕೆಲವು ಡಬ್ಬಿಗಳು ನೆಟ್ ಇರಬೇಕಾದ ಸಮಯ ಕೇಳುತ್ತವೆ, ಕೆಲವು ನಿಲ್ಲಬೇಕಾದ ಸಮಯ. ಓದದೆ ಹಾಕಿದರೆ ಹಗಲೆಲ್ಲ ಬಂದ್, ರಾತ್ರಿಯೆಲ್ಲ ಚಾಲೂ ಆಗುತ್ತದೆ. ಎರಡನೆಯದು, 22:15ರಿಂದ 5:30 ಎಂದು ಮಧ್ಯರಾತ್ರಿ ದಾಟುವ ಸಮಯವನ್ನು ಹಲವು ಡಬ್ಬಿಗಳು ಒಪ್ಪುವುದಿಲ್ಲ. 22:15ರಿಂದ 23:59, 00:00ರಿಂದ 5:30 ಎಂದು ಎರಡು ಸಾಲು ಮಾಡಿ. ಮೂರನೆಯದು ಡಬ್ಬಿಯ ಗಡಿಯಾರ. ಟೈಮ್ ಝೋನ್ +5:30 ಇರಬೇಕು. ಅದು ಸೊನ್ನೆಯಲ್ಲಿದ್ದರೆ ರಾತ್ರಿ 10ಕ್ಕೆ ಬೀಳಬೇಕಾದ ಬೀಗ ಬೆಳಗಿನ ಜಾವ 3:30ಕ್ಕೆ ಬೀಳುತ್ತದೆ. ಇನ್ನೊಂದು ಮಾತು: ಈ ಡಬ್ಬಿಗಳಲ್ಲಿ ಹೆಚ್ಚಿನವಕ್ಕೆ ಸ್ವಂತ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದರೆ 1970ನೇ ಇಸವಿಯಿಂದ ಎಣಿಸಲು ಶುರು ಮಾಡುವವೂ ಇವೆ. ನೆಟ್‌ನಿಂದ ಸಮಯ ತಂದುಕೊಳ್ಳುವ ಎನ್‌ಟಿಪಿ ಆನ್ ಇದ್ದರೆ ಕೆಲವು ನಿಮಿಷಗಳಲ್ಲಿ ಸರಿಹೋಗುತ್ತದೆ, ಇಲ್ಲದಿದ್ದರೆ ಬೀಗ ಕೆಲಸ ಮಾಡುವುದೇ ಇಲ್ಲ.

ಹೆಸರಿಗೆ ಸಮಯ ಹಾಕುವ ಸೌಲಭ್ಯ ಇಲ್ಲದ ಡಬ್ಬಿಯಲ್ಲಿ ಫೋನಿಗೇ ಹಾಕಬೇಕಾಗುತ್ತದೆ, ಅಂದರೆ ವೈಫೈ ಆ ಫೋನನ್ನು ಗುರುತಿಸುವ 12 ಅಕ್ಷರಗಳ ಮ್ಯಾಕ್ ವಿಳಾಸಕ್ಕೆ. ಆದರೆ ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಈಚೆಗೆ ಫೋನ್‌ಗಳು ವೈಫೈಗೆ ಸುಳ್ಳು ವಿಳಾಸ ಕೊಡುತ್ತವೆ. ಎಡದಿಂದ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಸುಳ್ಳು ವಿಳಾಸವೇ. ಸೆಟ್ಟಿಂಗ್‌ನಲ್ಲಿ ಒಂದು ಗುಂಡಿ ಬದಲಿಸಿದರೆ ಫೋನ್ ಹೊಸ ವಿಳಾಸದಿಂದ ಒಳಗೆ ಬಂದು ಬೀಗ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ತಡೆಯುವ ಪಟ್ಟಿ ಮಾಡಬೇಡಿ. ದೊಡ್ಡವರ ಫೋನ್‌ಗಳಲ್ಲಿ ನಿಜವಾದ ವಿಳಾಸ ಆಯ್ದುಕೊಂಡು, ರಾತ್ರಿ ಅವಕ್ಕೆ ಮಾತ್ರ ಅನುಮತಿ ಇರುವ ಪಟ್ಟಿ ಮಾಡಿ.

ಡಬ್ಬಿಯಲ್ಲಿ ಇವೆಲ್ಲ ಏನೂ ಇಲ್ಲವೇ? ಎಲೆಕ್ಟ್ರಿಕಲ್ ಅಂಗಡಿಯಲ್ಲಿ 24 ತಾಸಿನ ಟೈಮರ್ ಸಾಕೆಟ್ ಸಿಗುತ್ತದೆ. ಚಕ್ರದ ಸುತ್ತ 15 ನಿಮಿಷಕ್ಕೊಂದರಂತೆ 96 ಹಲ್ಲುಗಳಿರುತ್ತವೆ. ಬೇಕಾದಷ್ಟು ಹಲ್ಲು ಒತ್ತಿ, ಡಬ್ಬಿಯ ಅಡಾಪ್ಟರನ್ನು ಅದಕ್ಕೆ ಚುಚ್ಚಿದರೆ ಆಯಿತು. ಇನ್ವರ್ಟರ್ ಲೈನಿನ ಸಾಕೆಟ್ಟಿಗೇ ಹಾಕಿ. ಇಲ್ಲದಿದ್ದರೆ ಕರೆಂಟ್ ಎರಡು ತಾಸು ಹೋದರೆ ಚಕ್ರವೂ ಎರಡು ತಾಸು ನಿಂತು, ಹತ್ತರ ಬೀಗ 12ಕ್ಕೆ ಬೀಳುತ್ತದೆ. ಸಿಸಿಟಿವಿ ಅಥವಾ ಲ್ಯಾಂಡ್‌ಲೈನ್ ಅದೇ ಡಬ್ಬಿಯಿಂದ ನಡೆಯುತ್ತಿದ್ದರೆ ಈ ದಾರಿ ಬೇಡ.

ಇದನ್ನೆಲ್ಲ ಮಗನಿಗೆ ಹೇಳಿಯೇ ಮಾಡಿ. ಹೇಳದಿದ್ದರೆ ಅವನು ಮೊದಲು ಹುಡುಕುವುದು ಡಬ್ಬಿಯ ಹಿಂದಿನ ಸಣ್ಣ ರೀಸೆಟ್ ತೂತನ್ನು. ಪಿನ್ ಚುಚ್ಚಿ ಹತ್ತು ಸೆಕೆಂಡ್ ಒತ್ತಿದರೆ ನೀವು ಹಾಕಿದ್ದೆಲ್ಲ ಅಳಿಸಿಹೋಗುತ್ತದೆ. ಎಷ್ಟೋ ಫೈಬರ್ ಡಬ್ಬಿಗಳಲ್ಲಿ ಕಂಪನಿಯವರು ಹಾಕಿದ ಯೂಸರ್‌ನೇಮ್ ಕೂಡ ಹೋಗಿ, ಅವರ ಹುಡುಗ ಬಂದು ಸರಿಮಾಡುವ ತನಕ ಇಡೀ ಮನೆಗೆ ನೆಟ್ ಇರುವುದಿಲ್ಲ. ಇದನ್ನೂ ಮಗನಿಗೆ ಮೊದಲೇ ಹೇಳಿಡಿ.

ಕೆಟ್ಟ ತಾಣಗಳಿಗೆ ತಡೆ ಬೇಕಿದ್ದರೆ ಡಬ್ಬಿಯ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ 1.1.1.3 ಮತ್ತು 1.0.0.3 ಬರೆಯಿರಿ. ಕ್ಲೌಡ್‌ಫ್ಲೇರ್‌ನ ಈ ಸೇವೆಗೆ ದುಡ್ಡಿಲ್ಲ, ಅಶ್ಲೀಲ ತಾಣಗಳನ್ನು ತಡೆಯುತ್ತದೆ. ಡಬ್ಬಿಯಲ್ಲಿ ಐಪಿವಿ6 (ಹೊಸ ಬಗೆಯ ನೆಟ್ ವಿಳಾಸ) ಆನ್ ಇದ್ದರೆ ಅದಕ್ಕೆ ಬೇರೆ ಡಿಎನ್‌ಎಸ್ ಇರುತ್ತದೆ, ಅದನ್ನು ಬಿಟ್ಟರೆ ಸೋರುತ್ತದೆ. ಬೇರೆ ಸರ್ವರ್ ಮೂಲಕ ನೆಟ್ ಹಾಯಿಸುವ ವಿಪಿಎನ್ ಆಪ್ ಹಾಕಿಕೊಂಡವರನ್ನು ಇದು ನಿಲ್ಲಿಸುವುದಿಲ್ಲ. ಯೂಟ್ಯೂಬಿನ ಗಣಿತ ಪಾಠಕ್ಕೂ ಅಲ್ಲಿನ ಶಾರ್ಟ್ಸಿಗೂ ವ್ಯತ್ಯಾಸ ಇದಕ್ಕೆ ತಿಳಿಯದು. ಹದಿನೈದರ ಹುಡುಗನಿಗೆ ಹಗಲಿನ ತಡೆಗಿಂತ ರಾತ್ರಿಯ ಬೀಗವೇ ಹೆಚ್ಚು ಉಪಯೋಗ ಎನ್ನುವುದು ನಮ್ಮ ಅಭಿಪ್ರಾಯ, ಏಕೆಂದರೆ ಅವನು ಮೊದಲು ಕಳೆದುಕೊಳ್ಳುತ್ತಿರುವುದು ನಿದ್ದೆಯನ್ನು.

ಪ್ರಶ್ನೆ: ನಮ್ಮಲ್ಲಿ ವೈಫೈ ಇಲ್ರಿ. ಮಗಳ ಫೋನಿಗೆ ದಿನಕ್ಕ 2 ಜಿಬಿ ರೀಚಾರ್ಜ್ ಹಾಕಸ್ತೀನಿ. ಅಷ್ಟ ಇದ್ರೂ ಮಧ್ಯರಾತ್ರಿ ಎದ್ದು ಕುಂತಿರ್ತಾಳ. ಡೇಟಾ ಮುಗದ ಮ್ಯಾಲ ಹೆಂಗ ನಡೀತೈತಿ?
- ಒಬ್ಬ ತಂದೆ, ಇಂಡಿ ತಾಲ್ಲೂಕು, ವಿಜಯಪುರ

ಉತ್ತರ: ದಿನದ ಡೇಟಾ ಹೊಸದಾಗಿ ಶುರುವಾಗುವುದೇ ರಾತ್ರಿ 12ಕ್ಕೆ. ಒಂಬತ್ತಕ್ಕೆ ಮುಗಿಸಿಕೊಂಡ ಮಕ್ಕಳು 12 ಹೊಡೆಯುವುದನ್ನೇ ಕಾಯುತ್ತಾರೆ. ಫೋನ್ 5ಜಿ ಆಗಿದ್ದರೆ, ಕೆಲವು ಪ್ಯಾಕ್‌ಗಳಲ್ಲಿ 5ಜಿ ಸಿಗ್ನಲ್ ಇರುವ ಕಡೆ ಆ 2 ಜಿಬಿಯ ಲೆಕ್ಕವೇ ಇರುವುದಿಲ್ಲ. ನಿಮ್ಮ ಪ್ಯಾಕಿನ ವಿವರದಲ್ಲಿ ಅದನ್ನೊಮ್ಮೆ ನೋಡಿ.

ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ಆದೇಶದ ಮೇರೆಗೆ 2025ರ ಜನವರಿಯಿಂದ ಕಂಪನಿಗಳು ಮಾತು ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡುತ್ತಿವೆ. ಮಗಳ ಸಿಮ್ಮಿಗೆ ಅದನ್ನು ಹಾಕಿಸಿ. ಕಾಲೇಜಿನಿಂದ ಬರುವಾಗ ಫೋನ್ ಮಾಡಲು ಅಡ್ಡಿಯಿಲ್ಲ. ನೆಟ್ಟನ್ನು ಸಂಜೆ ನಿಮ್ಮ ಫೋನಿನ ಹಾಟ್‌ಸ್ಪಾಟ್‌ನಿಂದ ಕೊಡಿ. ಹಲವು ಆಂಡ್ರಾಯ್ಡ್ ಫೋನ್‌ಗಳ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಒಂದು ಸಲಕ್ಕೆ ಇಷ್ಟೇ ಡೇಟಾ ಎಂದು ಮಿತಿ ಹಾಕಬಹುದು, ಅದನ್ನು 1 ಜಿಬಿಗೆ ಇಡಿ. 480ಪಿ ಗುಣಮಟ್ಟದಲ್ಲಿ ಪಾಠದ ವಿಡಿಯೊ ತಾಸಿಗೆ ಸುಮಾರು ಅರ್ಧ ಜಿಬಿ ತಿನ್ನುತ್ತದೆ, ಎರಡು ತಾಸಿಗೆ 1 ಜಿಬಿ ಸಾಕು. ನೀವು ಹೊಲಕ್ಕೆ ಹೋದಾಗ ಫೋನ್ ನಿಮ್ಮ ಜೊತೆ ಹೋಗುತ್ತದೆ, ಆಗ ಅವಳಿಗೆ ನೆಟ್ ಇಲ್ಲ. ಪಾಠದ ಹೊತ್ತು ಹಗಲಿನಲ್ಲೇ ಇದ್ದರೆ ಮಾತ್ರ ಇದು ಹೊಂದುವುದಿಲ್ಲ.

ಆಗ ಅವಳ ಫೋನಿನಲ್ಲೇ ಗೂಗಲ್‌ನ ಫ್ಯಾಮಿಲಿ ಲಿಂಕ್ (ಮಕ್ಕಳ ಫೋನನ್ನು ಹೆತ್ತವರು ನಿಯಂತ್ರಿಸುವ ಆಪ್) ಹಾಕಬೇಕಾಗುತ್ತದೆ. 13 ದಾಟಿದವರ ಖಾತೆಗೂ ಹಾಕಬಹುದು, ಆದರೆ ಅವಳ ಒಪ್ಪಿಗೆ ಬೇಕು. ಅದರಲ್ಲಿ ಮಲಗುವ ಸಮಯ ಹಾಕಿದರೆ ಆ ಹೊತ್ತಿಗೆ ಫೋನ್ ಲಾಕ್ ಆಗುತ್ತದೆ, ಕರೆ ಮಾತ್ರ ನಡೆಯುತ್ತದೆ.

18 ತುಂಬದವರ ಹೆಸರಿಗೆ ಸಿಮ್ ಕೊಡುವಂತಿಲ್ಲ. ಆದ್ದರಿಂದ ಮನೆಯಲ್ಲಿ ಇನ್ನೊಂದು ಸಿಮ್ ಇದ್ದರೂ ಅದು ಯಾರಾದರೂ ದೊಡ್ಡವರ ಹೆಸರಿನಲ್ಲೇ ಇರುತ್ತದೆ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ನಂಬರ್ ಹಾಕಿ ಓಟಿಪಿ ಕೊಟ್ಟರೆ, ನಿಮ್ಮ ಹೆಸರಿನಲ್ಲಿರುವ ನಂಬರುಗಳೆಲ್ಲ ಕಾಣುತ್ತವೆ.

ಪ್ರಶ್ನೆ: ನಮ್ಮದು ಹಳೇ ಕಲ್ಲಿನ ಮನಿ. ನೆಟ್ ಡಬ್ಬಿ ಮಗನ ಖೋಲಿಯೊಳಗ ಹಾಕಿ ಹೋಗ್ಯಾರ. ಅಲ್ಲೇ ಇರಲಿ ಏನು?
- ಓದುಗರು, ಗುಳೇದಗುಡ್ಡ

ಉತ್ತರ: ಬೇಡ. ಪಡಸಾಲೆಗೆ ತರಿಸಿ. ಫೈಬರ್ ವೈರಿನೊಳಗಿರುವುದು ಗಾಜಿನ ಎಳೆ. ನೀವೇ ಎಳೆದು ಮೂಲೆಯಲ್ಲಿ ಮಡಚಿದರೆ ಒಳಗೆ ಮುರಿದು, ಸಿಗ್ನಲ್ ಇಲ್ಲ ಎಂದು ತೋರಿಸುವ ಎಲ್‌ಓಎಸ್ ದೀಪ ಕೆಂಪಾಗುತ್ತದೆ, ಕಂಪನಿಯವರಿಂದಲೇ ಮಾಡಿಸಿ. ನಿಮ್ಮ ದಪ್ಪ ಕಲ್ಲಿನ ಗೋಡೆಯಿಂದ ಇನ್ನೊಂದು ಲಾಭ ಇದೆ. 5 ಗಿಗಾಹರ್ಟ್ಸ್ ಸಿಗ್ನಲ್ ಅಂಥ ಗೋಡೆ ದಾಟುವುದು ಕಷ್ಟ, 2.4 ತಕ್ಕಮಟ್ಟಿಗೆ ದಾಟುತ್ತದೆ. ಮಗನಿಗೆ ಕೊಡುವ ವೈಫೈಯನ್ನು 5ರಲ್ಲಿ ಮಾತ್ರ ಇಟ್ಟರೆ ಪಡಸಾಲೆಯಲ್ಲಿ ನೆಟ್ ಚೆನ್ನಾಗಿ ಸಿಗುತ್ತದೆ, ಖೋಲಿಯಲ್ಲಿ ಕಡಿಯುತ್ತದೆ. ಅವನ ಫೋನ್ 5 ಗಿಗಾಹರ್ಟ್ಸ್ ಹಿಡಿಯುತ್ತದೆಯೇ ನೋಡಿಕೊಳ್ಳಿ, ಹಳೆಯ ಅಗ್ಗದ ಫೋನ್‌ಗಳು ಹಿಡಿಯುವುದಿಲ್ಲ.

ಪ್ರಶ್ನೆ: ಮಗನಿಗೆ ಗೊತ್ತಾಗದಂತೆ ಅವನ ಚಾಟ್, ಫೋಟೊ ಎಲ್ಲ ನಮ್ಮ ಫೋನಿನಲ್ಲಿ ತೋರಿಸುವ ಆಪ್ ಇದೆ ಎಂದು ಪರಿಚಯದವರು ಹೇಳಿದರು. ಹಾಕಬಹುದೇ?
- ಒಬ್ಬ ತಂದೆ, ಅಥಣಿ

ಉತ್ತರ: ದಯವಿಟ್ಟು ಹಾಕಬೇಡಿ. ಇಂಥ ಆಪ್‌ಗಳನ್ನು ಸಾಮಾನ್ಯವಾಗಿ ಪ್ಲೇ ಸ್ಟೋರ್‌ನ ಹೊರಗಿನಿಂದ ತಂದು, ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಹಾಕಬೇಕಾಗುತ್ತದೆ. ಅಂದರೆ ಫೋನಿನ ಕಾವಲನ್ನೇ ತೆಗೆದಂತೆ. ನಂತರ ನಿಮ್ಮ ಮಗುವಿನ ಫೋಟೊಗಳೆಲ್ಲ ಯಾರದೋ ಸರ್ವರ್‌ನಲ್ಲಿ ಹೋಗಿ ಕೂರುತ್ತವೆ.

ಯಾರಾದರೂ ಅವನನ್ನು ಫೋಟೊ ಇಟ್ಟುಕೊಂಡು ಹೆದರಿಸುತ್ತಿದ್ದಾರೆ, ಆನ್‌ಲೈನ್ ಆಟದಲ್ಲಿ ದುಡ್ಡು ಕಳೆದಿದ್ದಾನೆ ಎಂಬ ಭಯ ನಿಮಗಿದ್ದರೆ, ಅವನು ತಾನಾಗಿ ಬಂದು ಹೇಳುವಂತಾಗಬೇಕು. ‘ಏನೇ ಆಗಿರಲಿ, ಹೇಳಿದರೆ ಫೋನ್ ಕಸಿಯೋದಿಲ್ಲ’ ಎಂದು ಇವತ್ತೇ ಹೇಳಿ. ಫೋನ್ ಹೋಗುತ್ತದೆ ಎಂಬ ಹೆದರಿಕೆಗೇ ಮಕ್ಕಳು ಮುಚ್ಚಿಡುತ್ತಾರೆ. ಹಾಗೇನಾದರೂ ಆಗಿದ್ದರೆ ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ, ಕೇಳಿದವರಿಗೆ ದುಡ್ಡು ಕಳಿಸಬೇಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟೂ ಬ್ಯಾಂಕಿನಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮಕ್ಕಳ ಸಹಾಯವಾಣಿ 1098.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ಸೈನ್ಸ್. ಅಪ್ಪ ರಾತ್ರಿ ಹತ್ತಕ್ಕೆ ವೈಫೈ ಬಂದ್ ಮಾಡ್ತಾರೆ. ನನ್ನ ಓದು ಶುರುವಾಗೋದೇ ಆಗ. ಅಪ್ಪನಿಗೆ ಹೇಗೆ ಹೇಳಲಿ?
- ವಿದ್ಯಾರ್ಥಿನಿ, ಟಿಳಕವಾಡಿ, ಬೆಳಗಾವಿ

ಉತ್ತರ: ತಂಗಿ, ನಿನ್ನ ಮಾತಿನಲ್ಲಿ ನ್ಯಾಯ ಇದೆ. ಆದರೆ ‘ಓದಲಿಕ್ಕೆ ಬೇಕು’ ಎಂದಷ್ಟೇ ಹೇಳಿದರೆ ಅಪ್ಪ ಒಪ್ಪಲಿಕ್ಕಿಲ್ಲ. ಒಂದು ವಾರ ರಾತ್ರಿ ಹತ್ತರ ಮೇಲೆ ನಿನಗೆ ನೆಟ್ ಯಾತಕ್ಕೆ ಬೇಕಾಯಿತು ಎಂದು ದಿನಾಲೂ ಬರೆದಿಡು. ಅದರಲ್ಲಿ ಹೆಚ್ಚಿನದು ಮೊದಲೇ ಇಳಿಸಿಕೊಳ್ಳಬಹುದಾದದ್ದೇ ಇರುತ್ತದೆ. ವಾಟ್ಸಾಪಿನ ಪಿಡಿಎಫ್ ಒಮ್ಮೆ ತೆರೆದರೆ ಫೋನಿನಲ್ಲೇ ಉಳಿಯುತ್ತದೆ. ಸರ್ಕಾರದ ದೀಕ್ಷಾ ಆಪ್‌ನಲ್ಲಿ ಪಾಠಗಳನ್ನು ಇಳಿಸಿಟ್ಟುಕೊಂಡು ನೆಟ್ ಇಲ್ಲದೆ ನೋಡಬಹುದು. ಯೂಟ್ಯೂಬಿನಲ್ಲಿ ‘ಡೌನ್‌ಲೋಡ್’ ಗುಂಡಿ ಇರುವ ವಿಡಿಯೊಗಳೂ ಹಾಗೆಯೇ, ಒಂಬತ್ತೂವರೆಯೊಳಗೆ ಇಳಿಸಿಕೋ.

ಇಳಿಸಲು ಆಗದೆ ಉಳಿಯುವುದು ಆನ್‌ಲೈನ್ ಟೆಸ್ಟು, ಮಧ್ಯದಲ್ಲಿ ಬರುವ ಸಂಶಯ. ಆ ಚೀಟಿ ಹಿಡಿದು ಅಪ್ಪನ ಹತ್ತಿರ ಹೋಗು. ಟೆಸ್ಟ್ ಇರುವ ಎರಡು ದಿನ ಹನ್ನೊಂದರ ತನಕ, ಉಳಿದ ದಿನ ಬೆಳಗ್ಗೆ ಐದರಿಂದಲೇ ನೆಟ್ ಕೊಡಲು ಕೇಳು. ಮನೆಯ ಡಬ್ಬಿಯಲ್ಲಿ ವಾರದ ದಿನಗಳನ್ನು ಬೇರೆ ಬೇರೆ ಆರಿಸುವ ಚೌಕಗಳಿದ್ದರೆ ಅಪ್ಪ ಒಮ್ಮೆ ಹಾಕಿಟ್ಟರೆ ಸಾಕು, ದಿನಾ ಎದ್ದು ಬಂದು ಸ್ವಿಚ್ ಒತ್ತಬೇಕಿಲ್ಲ. ಬರೀ ಸಂಶಯಗಳಿದ್ದ ರಾತ್ರಿ ಅವನ್ನು ಪುಸ್ತಕದ ಬದಿಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿಕೊಂಡು ಮಲಗು, ಐದಕ್ಕೆ ನೆಟ್ ಬಂದ ಮೇಲೆ ಒಂದೊಂದೇ ನೋಡು.