ಗಣಿತದ ಪದವಿ ಇಲ್ಲದವರು ಹವ್ಯಾಸಕ್ಕಾಗಿ ಕ್ರೀಡಾ ಅಂಕಿಅಂಶಗಳನ್ನು ವಿಶ್ಲೇಷಿಸಬಹುದೇ? ಎಲ್ಲಿಂದ ಆರಂಭಿಸಬೇಕು?

ಮೊದಲ ಪ್ರಶ್ನೆಗೆ ಉತ್ತರ ಸುಲಭ: ಕೂಡಲು, ಭಾಗಿಸಲು ಬಂದರೆ ಧಾರಾಳವಾಗಿ ಮಾಡಬಹುದು. ಬೇಸ್‌ಬಾಲ್ ಲೆಕ್ಕಾಚಾರವನ್ನೇ ಬುಡಮೇಲು ಮಾಡಿದ ಬಿಲ್ ಜೇಮ್ಸ್ ಆಹಾರದ ಡಬ್ಬಿ ತಯಾರಿಸುವ ಕಾರ್ಖಾನೆಯೊಂದರ ರಾತ್ರಿ ಕಾವಲುಗಾರರಾಗಿದ್ದವರು. 1977ರಲ್ಲಿ ತಮ್ಮ ಲೆಕ್ಕಗಳನ್ನು ತಾವೇ ಅಚ್ಚು ಹಾಕಿಸಿ ಮಾರಿದರು. ಸುಮಾರು ಇಪ್ಪತ್ತೈದು ವರ್ಷಗಳ ಬಳಿಕ ಬಾಸ್ಟನ್ ರೆಡ್ ಸಾಕ್ಸ್ ತಂಡವೇ ಅವರನ್ನು ಕರೆದು ಕೆಲಸ ಕೊಟ್ಟಿತು. ಎಲ್ಲರಿಗೂ ಹಾಗಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಕಷ್ಟವಿರುವುದು ಎರಡನೆಯದರಲ್ಲಿ. ಹೊಸಬರು ಸಿಕ್ಕಸಿಕ್ಕ ಅಂಕಿಗಳನ್ನೆಲ್ಲ ರಾಶಿ ಹಾಕಿಕೊಂಡು, ಏನಾದರೂ ಹೊಳೆದೀತು ಎಂದು ಕೂರುತ್ತಾರೆ. ಹೊಳೆಯುವುದಿಲ್ಲ. ನಾನಾದರೆ ಯಾವ ಸಂಖ್ಯೆ ಕಂಡರೂ, ಅದನ್ನು ಯಾವುದರಿಂದ ಭಾಗಿಸಿದ್ದಾರೆ ಎಂಬುದನ್ನೇ ಮೊದಲು ಹುಡುಕುತ್ತೇನೆ.

ಆಸ್ಟ್ರೇಲಿಯಾದ ಡಾನ್ ಬ್ರಾಡ್ಮನ್ ಅವರ ಟೆಸ್ಟ್ ಬ್ಯಾಟಿಂಗ್ ಸರಾಸರಿ 99.94 ಕ್ರಿಕೆಟ್ ಪ್ರಿಯರಿಗೆಲ್ಲ ಬಾಯಿಪಾಠ. 80 ಇನಿಂಗ್ಸ್‌ಗಳಲ್ಲಿ 6996 ರನ್. ಆದರೆ ಭಾಗಿಸಿರುವುದು 80ರಿಂದಲ್ಲ, 70ರಿಂದ; ಉಳಿದ ಹತ್ತು ಸಲ ಅವರು ಔಟಾಗಿರಲಿಲ್ಲ. 80ರಿಂದಲೇ ಭಾಗಿಸಿದರೆ 87.45. ಎರಡೂ ಸರಿಯಾದ ಲೆಕ್ಕಗಳೇ. ಒಂದು ಅವರ ವಿಕೆಟ್‌ಗೆ ಎದುರಾಳಿ ಎಷ್ಟು ರನ್ ತೆರಬೇಕಾಯಿತು ಎನ್ನುತ್ತದೆ, ಇನ್ನೊಂದು ಅವರು ಕ್ರೀಸಿಗೆ ಬಂದಾಗಲೆಲ್ಲ ತಂಡಕ್ಕೆ ಎಷ್ಟು ಸಿಕ್ಕಿತು ಎನ್ನುತ್ತದೆ. ಪದೇ ಪದೇ ಅಜೇಯರಾಗಿ ಉಳಿಯುವ ಕೆಳ ಕ್ರಮಾಂಕದ ಬ್ಯಾಟರ್‌ಗಳಲ್ಲಿ ಈ ಅಂತರ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಯಾವುದರಿಂದ ಭಾಗಿಸಬೇಕೆಂಬುದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಚಾರ್ಲ್ಸ್ ರೀಪ್ ಸಾಕ್ಷಿ. ವಾಯುಪಡೆಯಲ್ಲಿ ಲೆಕ್ಕಪತ್ರದ ಅಧಿಕಾರಿ. 1950ರಲ್ಲಿ ಸ್ವಿಂಡನ್ ತಂಡದ ಫುಟ್‌ಬಾಲ್ ಪಂದ್ಯ ನೋಡುತ್ತಾ ಪೆನ್ಸಿಲ್ ಹಿಡಿದು ಪ್ರತಿ ಪಾಸನ್ನೂ ಬರೆದುಕೊಳ್ಳತೊಡಗಿದವರು ದಶಕಗಳ ಕಾಲ ಬಿಡಲಿಲ್ಲ. ಆ ತಾಳ್ಮೆಗೆ ಕೈ ಮುಗಿಯಬೇಕು. ಬಹುಪಾಲು ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳಲ್ಲಿ ಬಂದಿವೆ ಎಂದು ಕಂಡುಕೊಂಡು, ಚೆಂಡನ್ನು ಬೇಗ ಮುಂದಕ್ಕೆ ಹೊಡೆಯುವುದೇ ಒಳ್ಳೆಯದೆಂದು ವಾದಿಸಿದರು. ಹಾಗೆಯೇ ಆಡಿದ ತಂಡಗಳೂ ಇದ್ದವು. ಆದರೆ ಅವರದೇ ದಾಖಲೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ದಾಳಿಗಳು ಮೂರು ಪಾಸ್‌ಗಳ ಒಳಗೇ ಮುಗಿಯುತ್ತಿದ್ದವು! ಗೋಲುಗಳಲ್ಲಿ ಅವುಗಳ ಪಾಲು ಸುಮಾರು ಎಂಬತ್ತು. ಅಂದರೆ ದಾಳಿಯೊಂದಕ್ಕೆ ಎಷ್ಟು ಗೋಲು ಎಂದು ನೋಡಿದರೆ, ಉದ್ದನೆಯ ಪಾಸ್ ಸರಣಿಗಳೇ ಮೇಲು.

ಸಾಮಗ್ರಿಗೆ ಬರವಿಲ್ಲ. ಕ್ರಿಕ್‌ಶೀಟ್ ತಾಣದಲ್ಲಿ ಪಂದ್ಯಗಳ ಎಸೆತವಾರು ದಾಖಲೆ ಉಚಿತವಾಗಿ ಸಿಗುತ್ತದೆ. ಬೇಸ್‌ಬಾಲ್ ಹುಚ್ಚಿದ್ದರೆ ರೆಟ್ರೋಶೀಟ್ ಇದೆ. ಕೋಡಿಂಗ್ ಆಮೇಲೆ ಕಲಿಯಿರಿ, ಸದ್ಯಕ್ಕೆ ಸ್ಪ್ರೆಡ್‌ಶೀಟ್ ಸಾಕು. ಮೊದಲಿಗೆ ಒಂದೇ ಪ್ರಶ್ನೆ ಹಿಡಿಯಿರಿ. ಉದಾಹರಣೆಗೆ, ನಿಮ್ಮ ಮೆಚ್ಚಿನ ಟಿ20 ಬ್ಯಾಟರ್ ತಾನು ಎದುರಿಸುವ ಮೊದಲ ಹತ್ತು ಎಸೆತಗಳಲ್ಲಿ ಎಷ್ಟು ವೇಗವಾಗಿ ರನ್ ಗಳಿಸುತ್ತಾನೆ? ಪವರ್‌ಪ್ಲೇಯ ಆರು ಓವರ್‌ಗಳನ್ನು ಪ್ರತ್ಯೇಕವಾಗಿ ಲೆಕ್ಕಹಾಕಿ, ಆಗ ವೃತ್ತದ ಹೊರಗೆ ಇಬ್ಬರೇ ಫೀಲ್ಡರ್‌ಗಳಿರುತ್ತಾರೆ. ಸ್ಟ್ರೈಕ್ ರೇಟ್ (ನೂರು ಎಸೆತಕ್ಕೆ ಎಷ್ಟು ರನ್) ಬರೆದ ಕಾಲಂನ ಪಕ್ಕದಲ್ಲೇ ಎಸೆತಗಳ ಸಂಖ್ಯೆಯನ್ನೂ ಬರೆದಿಡಿ. ಅಲ್ಲಿ ಅರವತ್ತೋ ಎಪ್ಪತ್ತೋ ಇದ್ದರೆ, ಗೆಳೆಯರೊಂದಿಗೆ ವಾದಕ್ಕೆ ಇಳಿಯುವ ಮುನ್ನ ಇನ್ನಷ್ಟು ಪಂದ್ಯಗಳನ್ನು ಸೇರಿಸಿಕೊಳ್ಳಿ.