ಮನೆ ಓನರ್ ಅಜ್ಜಿಯ ಅಪ್ಪ ಎರಡನೇ ಮಹಾಯುದ್ಧದ ಟೈಮಲ್ಲಿ ಜರ್ಮನ್ ಪೊಲೀಸ್ ಆಗಿದ್ರಂತೆ, ಆಲ್ಬಂ ತೋರಿಸಿದ್ರು. ಮಿಲಿಟರೀಲಿ ಇರ್ಲಿಲ್ಲ ಅಂದ್ಮೇಲೆ ಅವರು ಏನೂ ಮಾಡಿರಲ್ಲ ಅಲ್ವಾ?

ಹಂಗೆ ಹೇಳಕ್ಕಾಗಲ್ಲ. ಪೊಲೀಸ್ ಅಂದ್ರೆ ನಮ್ಗೆ ಸರ್ಕಲ್ಲಲ್ಲಿ ಸೀಟಿ ಊದೋರು ನೆನಪಾಗ್ತಾರೆ, ನಾನೂ ಹಂಗೇ ಅನ್ಕೊಂಡಿದ್ದೆ. ಹ್ಯಾಂಬರ್ಗಲ್ಲಿ ಇದ್ದಾಗ ಆಫೀಸಿನವನೊಬ್ಬ ಅವರ ತಾತನ ಆಲ್ಬಂ ಸ್ಕ್ಯಾನ್ ಮಾಡ್ಕೊಡು ಅಂತ ತಂದಿದ್ದ. ಕಪ್ಪು ಹಾಳೆ, ಬಿಳಿ ಪೆನ್ಸಿಲಲ್ಲಿ ಬರೆದಿರೋದು. ಮೊದ್ಲು ಮದುವೆ, ತೊಟ್ಟಿಲು, ಕ್ರಿಸ್ಮಸ್ ಮರ, ಆಮೇಲೆ ಹಾಳೆ ಮಗುಚಿದ್ರೆ ಅದೇ ಮನುಷ್ಯ ಯೂನಿಫಾರ್ಮಲ್ಲಿ, ಯಾವ್ದೋ ಹಳ್ಳಿ, ಕುದುರೆ ಗಾಡಿ, ಅಕಾರ್ಡಿಯನ್ ಹಿಡ್ಕೊಂಡು ನಗ್ತಿರೋ ಗೆಳೆಯರು, ಕೆಳಗೆ ಪೋಲೆಂಡ್ 1942 ಅಂತ. ಮುಂದಿನ ಹಾಳೇಲಿ ಮತ್ತೆ ಮಗಳ ಬರ್ತ್‌ಡೇ. ಮಧ್ಯ ಎರಡು ಕಡೆ ಫೋಟೋನೇ ಇಲ್ಲ, ಮೂಲೆಗೆ ಸಿಕ್ಕಿಸೋ ಕಾಗದದ ಚೂರು ಮಾತ್ರ ಉಳ್ಕೊಂಡಿತ್ತು.

ಊರಲ್ಲಿರಬೇಕಾದ ಪೊಲೀಸ್‌ಗೆ ಪೋಲೆಂಡಲ್ಲೇನು ಕೆಲಸ? ಅದೇ ವಿಷ್ಯ. ಆಗ ಪೊಲೀಸ್ ಬೆಟಾಲಿಯನ್‌ಗಳನ್ನ ಆಕ್ರಮಿಸಿದ ದೇಶಗಳಿಗೂ ಕಳಿಸ್ತಿದ್ರು. ಹ್ಯಾಂಬರ್ಗಿನ ರಿಸರ್ವ್ ಪೊಲೀಸ್ ಬೆಟಾಲಿಯನ್ 101ರಲ್ಲಿ ಸುಮಾರು 500 ಜನ, ತುಂಬಾ ಜನ ಮಿಲಿಟರಿಗೆ ವಯಸ್ಸಾಯ್ತು ಅನ್ನಿಸ್ಕೊಂಡಿದ್ದ ಹೆಂಡ್ತಿ ಮಕ್ಕಳಿರೋರು, ಹಡಗುಕಟ್ಟೆ ಕೂಲಿಗಳು, ಲಾರಿ ಡ್ರೈವರ್‌ಗಳು, ಗುಮಾಸ್ತರು. 1942ರ ಜುಲೈ 13ಕ್ಕೆ ಪೋಲೆಂಡಿನ ಯುಜೆಫುಫ್ ಅನ್ನೋ ಊರಲ್ಲಿ ಇವರು ಸುಮಾರು 1,500 ಯಹೂದಿಗಳನ್ನ ಗುಂಡಿಟ್ಟು ಕೊಂದ್ರು. ಬೆಟಾಲಿಯನ್ನಿನ ವಯಸ್ಸಾದೋರಲ್ಲಿ ಯಾರಿಗೆ ಈ ಕೆಲಸ ಆಗಲ್ವೋ ಅವರು ಬಿಡಬಹುದು ಅಂತ ಅವರ ಕಮಾಂಡರ್ ಮೇಜರ್ ಟ್ರಾಪ್ ಬೆಳಿಗ್ಗೇನೇ ಹೇಳಿದ್ದ, ಆಗ ಈಚೆ ಬಂದೋರು ಹತ್ತು ಹನ್ನೆರಡು ಜನ ಅಷ್ಟೇ. ಒಟ್ಟು ಆ ಒಂದೇ ಬೆಟಾಲಿಯನ್ ಕಡಿಮೆ ಅಂದ್ರೂ 38,000 ಜನರನ್ನ ಕೊಂದಿದೆ, ಇನ್ನೂ 45,000 ಜನರನ್ನ ಟ್ರೆಬ್ಲಿಂಕಾ ಅನ್ನೋ ಸಾವಿನ ಕ್ಯಾಂಪಿಗೆ ಹೋಗೋ ರೈಲಿಗೆ ಹತ್ತಿಸಿದೆ.

ಹಂಗಂತ ಎಲ್ಲಾ ಪೊಲೀಸರೂ ಹೋಗಿರ್ಲಿಲ್ಲ. ಯಾವ ಬೆಟಾಲಿಯನ್, ಯಾವ ವರ್ಷ, ಎಲ್ಲಿ, ಇದು ಗೊತ್ತಾಗ್ಬೇಕು. ಎಡತೋಳಲ್ಲಿ ಎಲೆಗಳ ಚೌಕಟ್ಟಿನೊಳಗೆ ಹದ್ದಿದ್ರೆ ಪೊಲೀಸು, ಮಿಲಿಟರಿಯವರ ಹದ್ದು ಬಲಎದೆ ಮೇಲಿರುತ್ತೆ. ಆಲ್ಬಂ ನಗ್ತಿದೆ ಅಂತ ಮಾತ್ರ ನಂಬಬೇಡಿ. ಪೋಲೆಂಡಲ್ಲಿದ್ದ ಸೋಬಿಬೋರ್ ಅನ್ನೋ ಇನ್ನೊಂದು ಸಾವಿನ ಕ್ಯಾಂಪಿನ ಉಪ ಕಮಾಂಡರ್ ನೀಮನ್ (ಅವನು ನಾಜಿಗಳ ಎಸ್‌ಎಸ್ ಪಡೆಯವನು, ಪೊಲೀಸಲ್ಲ) ಬಿಟ್ಟುಹೋದ 350ಕ್ಕೂ ಹೆಚ್ಚು ಫೋಟೋ 2020ರಲ್ಲಿ ಹೊರಗೆ ಬಂದ್ವು, ಅದ್ರಲ್ಲೂ ಕ್ಯಾಂಪಿನ ಸಿಬ್ಬಂದಿ ಆರಾಮಾಗಿ ಕೂತು ಕುಡೀತಿದಾರೆ.

ಅಜ್ಜಿ ಒಪ್ಪಿದ್ರೆ ಮೊದ್ಲು ಪೂರ್ತಿ ಹಾಳೇನ ಹಂಗೇ ಫೋಟೋ ತೆಗೀರಿ, ಖಾಲಿ ಜಾಗ ಸಮೇತ. ಸುಲಭವಾಗಿ ಈಚೆ ಬರೋ ಫೋಟೋ ಇದ್ರೆ ಹಿಂದುಗಡೆ ಏನ್ ಬರೆದಿದೆ ನೋಡಿ, ಅಂಟಿಸಿದ್ರೆ ಕೀಳ್ಬೇಡಿ. ಹಳೇ ಕೈಬರಹ ಈಗಿನ ತುಂಬಾ ಜನ ಜರ್ಮನ್ನರಿಗೇ ಓದಕ್ಕೆ ಬರಲ್ಲ, ನಮ್ಗೆ ಚರ್ಚಲ್ಲಿದ್ದ ಒಬ್ರು ಅಜ್ಜ ಓದಿಕೊಟ್ರು. ಆಮೇಲೆ ದಯವಿಟ್ಟು ಸ್ಟೇಟಸ್‌ಗೆ ಹಾಕ್ಬೇಡಿ, ನಾಜಿ ಸ್ವಸ್ತಿಕ ಕಂಡ್ರೆ ಜರ್ಮನೀಲಿ ಕೇಸಾಗಬಹುದು.

ಹೆಸರು, ಹುಟ್ಟಿದ ತಾರೀಖು ಕೊಟ್ಟು ಬುಂಡೆಸ್‌ಆರ್ಖೀವ್ ಅಂದ್ರೆ ಜರ್ಮನ್ ಸರ್ಕಾರಿ ದಾಖಲೆ ಕಚೇರಿಗೆ ಬರೆದ್ರೆ ದಾಖಲೆ ಇದ್ಯಾ ಅಂತ ಹುಡುಕ್ತಾರೆ. ನಮ್ಮ ಆಫೀಸಿನವನು ಬರೆಯೋಣ ಅಂದಾಗ ಅವರಮ್ಮ "ನಮ್ಮಪ್ಪ ಅಲ್ಲಿ ಅಡುಗೆ ಮಾಡ್ತಿದ್ರು" ಅಂತ ಆಲ್ಬಂ ಎತ್ತಿ ಬೀರುಗಿಟ್ರು. ನಿಮ್ಮ ಓನರ್ ಅಜ್ಜಿ ತಾವಾಗೇ ತೋರಿಸಿದಾರಲ್ಲ, ಅವರೇ ಏನೋ ಕೇಳ್ಬೇಕು ಅನ್ಕೊಂಡಿರಬಹುದು. ಆದ್ರೂ ಅರ್ಜಿ ಅವರೇ ಹಾಕ್ಲಿ, ನೀವು ಬಾಡಿಗೆಗಿರೋರು.