ಸವಾಲು ಕೂಗಿ ಕೊಟ್ಟ ಸೀಟು ಆಯ್ಕೆಯಲ್ಲ

ಓದುಗರ ಪತ್ರ: ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಸಣ್ಣ ಊರು. ಗ್ರಾಮ ಪಂಚಾಯಿತಿಯಲ್ಲಿ ನಮ್ಮ ವಾರ್ಡಿಗೆ ಮೂರು ಸೀಟು. ಊರ ದೇವಸ್ಥಾನದ ಮಾಡು ಸೋರುತ್ತಿದೆ. ಈ ಸಲ ಚುನಾವಣೆಯೇ ಬೇಡ, ಸೀಟುಗಳನ್ನು ದೇವಸ್ಥಾನದ ಮುಂದೆ ಸವಾಲು ಕೂಗೋಣ, ಬಂದ ದುಡ್ಡು ಜೀರ್ಣೋದ್ಧಾರಕ್ಕಾಗುತ್ತದೆ, ಜಗಳವೂ ತಪ್ಪುತ್ತದೆ ಎಂದು ಹಿರಿಯರು ಹೇಳುತ್ತಿದ್ದಾರೆ. ಇದರಲ್ಲಿ ತಪ್ಪೇನು? ಎರಡನೆಯದು, ನಮ್ಮ ಅತ್ತಿಗೆಗೆ ನಿಲ್ಲುವ ಆಸೆಯಿದೆ. ವಾರ್ಡಿನಲ್ಲಿ ಹೆಂಗಸರಿಗೆ ಇರುವುದು ಒಂದೇ ಸೀಟು, ಅದೂ ಬೇರೆ ವರ್ಗದ್ದು, ನಿಮಗೆ ಬರುವುದಿಲ್ಲ ಎಂದು ಅವರ ಬಾಯಿ ಮುಚ್ಚಿಸಿದ್ದಾರೆ. ಕೊನೆಯದಾಗಿ, ಕಳೆದ ಸಲ ನಮ್ಮಲ್ಲಿ ಬಹಳ ಮತ ಕುಲಗೆಟ್ಟವು. ಯಾಕೆ ಹಾಗಾಗುತ್ತದೆ? (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಮಾನ್ಯರೇ,

ಅವಿರೋಧ ಆಯ್ಕೆ ತಪ್ಪಲ್ಲ. ಮೂರು ಸೀಟಿಗೆ ಕ್ರಮಬದ್ಧವಾದ ಮೂರೇ ನಾಮಪತ್ರ ಉಳಿದರೆ ಚುನಾವಣಾಧಿಕಾರಿ ಆ ಮೂವರನ್ನು ಆಯ್ಕೆಯಾದರೆಂದು ಘೋಷಿಸುತ್ತಾರೆ. ಊರವರೆಲ್ಲ ಕೂತು ಮಾತಾಡಿ, ಯಾರ ಮೇಲೂ ಒತ್ತಡ ಹಾಕದೆ ಮೂವರನ್ನು ಒಪ್ಪಿಕೊಂಡರೆ ಕಾನೂನಿಗೆ ಅಭ್ಯಂತರವಿಲ್ಲ. ನಿಮ್ಮ ಊರಲ್ಲಿ ನಡೆಯಹೊರಟಿರುವುದು ಅದಲ್ಲ. ಹೆಚ್ಚು ದುಡ್ಡು ಕೂಗಿದವನಿಗೆ ಸೀಟು, ಉಳಿದವರು ನಾಮಪತ್ರ ಹಾಕಬಾರದು, ಹಾಕಿದ್ದರೆ ವಾಪಸ್ ತೆಗೆದುಕೊಳ್ಳಬೇಕು. ಇದಕ್ಕೆ ಕಾನೂನಿನಲ್ಲಿ ಇರುವ ಹೆಸರು ಲಂಚ.

ಲಂಚವೆಂದರೆ ಮತದಾರನ ಕೈಗೆ ನೋಟು ಕೊಡುವುದು ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 169ನೇ ಕಲಮು 'ಚುನಾವಣಾ ಹಕ್ಕು' ಎಂದರೆ ಏನು ಎಂದು ಬಿಡಿಸಿ ಹೇಳುತ್ತದೆ. ಮತ ಹಾಕುವುದು, ಹಾಕದಿರುವುದು ಮಾತ್ರವಲ್ಲ, ಅಭ್ಯರ್ಥಿಯಾಗಿ ನಿಲ್ಲುವುದು, ನಿಲ್ಲದಿರುವುದು, ಕಣದಿಂದ ಹಿಂದೆ ಸರಿಯುವುದು ಎಲ್ಲವೂ ಅದರಲ್ಲಿ ಸೇರಿವೆ. ಈ ಹಕ್ಕನ್ನು ಹೀಗೆ ಚಲಾಯಿಸು ಎಂದು ಯಾರಿಗೇ ಆಗಲಿ ಪ್ರತಿಫಲ ಕೊಟ್ಟರೆ 170ನೇ ಕಲಮಿನಡಿ ಅದು ಲಂಚ. ತೆಗೆದುಕೊಂಡವರೂ ಅದೇ ಅಪರಾಧದಲ್ಲಿ ಸಿಕ್ಕಿಕೊಳ್ಳುತ್ತಾರೆ. 173ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. ದುಡ್ಡು ದೇವಸ್ಥಾನಕ್ಕೆ ಹೋಯಿತು, ಯಾರೂ ಮನೆಗೆ ಒಯ್ಯಲಿಲ್ಲ ಎಂಬ ಸಮಾಧಾನ ಇಲ್ಲಿ ರಕ್ಷಣೆಗೆ ಬರುತ್ತದೆಂದು ನಂಬಿ ಕೂರಬೇಡಿ.

ಸವಾಲಿನ ಬೆನ್ನಿಗೇ ಬರುವ ಇನ್ನೆರಡು ಸಂಗತಿಗಳಿವೆ. 'ಮಾತು ಮೀರಿ ನಾಮಪತ್ರ ಹಾಕಿದರೆ ಊರಿಂದ ಹೊರಗೆ' ಎನ್ನುವುದು, ಮತ್ತು ದೇವರ ಮುಂದೆ ಆಣೆ ಮಾಡಿಸುವುದು. ಮಲೆನಾಡಿನಲ್ಲಿ ಆಣೆಗೆ ಇರುವ ತೂಕ ನಿಮಗೆ ಹೇಳಬೇಕಿಲ್ಲ. 171ನೇ ಕಲಮು ಇವೆರಡನ್ನೂ ಅನುಚಿತ ಪ್ರಭಾವವೆಂದೇ ಪರಿಗಣಿಸುತ್ತದೆ. ಅಭ್ಯರ್ಥಿಗೆ ಅಥವಾ ಮತದಾರನಿಗೆ ಕೇಡು ಮಾಡುವ ಬೆದರಿಕೆ ಅಪರಾಧ. ದೇವರ ಅವಕೃಪೆಗೆ ಗುರಿಯಾಗುತ್ತೀಯೆ ಎಂದು ನಂಬಿಸುವುದೂ ಅಪರಾಧ.

ಕಾನೂನು ಬದಿಗಿರಲಿ, ಲೆಕ್ಕ ನೋಡಿ. ಒಂದು ಸೀಟು ಐದು ಲಕ್ಷಕ್ಕೆ ಹೋಯಿತೆಂದುಕೊಳ್ಳಿ. ಸದಸ್ಯತ್ವ 60 ತಿಂಗಳು. ತಿಂಗಳಿಗೆ 8,333 ರೂಪಾಯಿ ಹುಟ್ಟಿದರೆ ಅಸಲು ಮಾತ್ರ ವಾಪಸ್ ಬಂತು, ಬಡ್ಡಿ ಬೇರೆ. ಸದಸ್ಯರ ಗೌರವಧನ ಅದರ ಹತ್ತಿರಕ್ಕೂ ಬರುವುದಿಲ್ಲ. ಉಳಿದದ್ದು ಎಲ್ಲಿಂದ ಬರಬೇಕು? ಚರಂಡಿ ಬಿಲ್ಲಿನಿಂದ, ಬೀದಿ ದೀಪದ ಬಿಲ್ಲಿನಿಂದ, ಕುಡಿಯುವ ನೀರಿನ ಮೋಟಾರು ರಿಪೇರಿಯಿಂದ. ಆರು ಇಂಚು ಹಾಕಬೇಕಾದ ಕಾಂಕ್ರೀಟು ನಾಲ್ಕು ಇಂಚಿಗೆ ಇಳಿದು, ಮೊದಲ ಮಳೆಗಾಲಕ್ಕೇ ಜಲ್ಲಿ ಎದ್ದು ನಿಂತಾಗ ದೇವಸ್ಥಾನದ ಹೊಸ ಹೆಂಚಿನ ಬೆಲೆ ಗೊತ್ತಾಗುತ್ತದೆ. ಪಂಚಾಯಿತಿ ಕಾಮಗಾರಿಯಲ್ಲಿ ಸದಸ್ಯನಿಗೆ ನೇರವಾಗಿಯೋ ಬೇನಾಮಿಯಾಗಿಯೋ ಪಾಲಿದ್ದರೆ ಅದು ಅನರ್ಹತೆಗೆ ಕಾರಣ. ಆದರೆ ಅದನ್ನು ಸಾಬೀತು ಮಾಡಲು ಓಡಾಡುವವರು ಯಾರು? ಸವಾಲಿನಲ್ಲಿ ತೋಟದ ಲೈನ್ ಮನೆಗಳಲ್ಲಿರುವ ಕೂಲಿಯವರು, ಕಾಲೋನಿಯವರು ಬಾಯಿ ಬಿಡುವಂತೆಯೇ ಇಲ್ಲ ಎಂಬುದನ್ನೂ ಯೋಚಿಸಿ. ಅವರ ಮತಕ್ಕೆ ಬೆಲೆಯಿರುವ ಒಂದೇ ದಿನವನ್ನು ಊರು ಮಾರಿಕೊಂಡಂತಾಯಿತು. 2016ರ ಫೆಬ್ರವರಿಯಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಅಲ್ಲಿ ಆಡಳಿತಾಧಿಕಾರಿಗಳೇ ಕೂತಿದ್ದರು. ಹಳ್ಳಿಯವರ ಕೈಗೆ ಸಿಗುವ ಚುನಾಯಿತ ಮನುಷ್ಯ ಅಂದರೆ ಗ್ರಾಮ ಪಂಚಾಯಿತಿ ಸದಸ್ಯನೇ. ಆ ಒಂದನ್ನೂ ಹರಾಜಿಗೆ ಇಡುವುದು ನನಗೆ ನಿಜಕ್ಕೂ ಸಂಕಟದ ಸಂಗತಿ. ಮಾಡು ರಿಪೇರಿಗೆ ಮನೆಗಿಷ್ಟೆಂದು ವಂತಿಗೆ ಎತ್ತಿ, ತೋಟದವರ ಹತ್ತಿರ ಕೇಳಿ, ಅದನ್ನು ಚುನಾವಣೆಗೆ ಸೋಕಿಸಬೇಡಿ.

ದೂರು ಕೊಡುವುದಾದರೆ ಬರಹದಲ್ಲೇ ಕೊಡಿ. ಸವಾಲು ನಡೆದ ದಿನ, ಹೊತ್ತು, ಜಾಗ, ಯಾರು ಎಷ್ಟು ಕೂಗಿದರು, ಯಾರು ಬರೆದುಕೊಂಡರು, ಇಷ್ಟು ಇರಲಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಸಂದೇಶ, ವಿಡಿಯೊ, ರಸೀದಿ ಇದ್ದರೆ ಪ್ರತಿ ಲಗತ್ತಿಸಿ. ತಹಸೀಲ್ದಾರರಿಗೆ ಒಂದು, ಜಿಲ್ಲಾಧಿಕಾರಿಗೆ ಒಂದು, ಎರಡಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಠಾಣೆಗೆ ಮಾತ್ರ ಹೋದರೆ ದೂರು ಅಲ್ಲೇ ಒಣಗುವುದುಂಟು. ಕಾರಣ, ಚುನಾವಣಾ ಲಂಚ ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಶುರು ಮಾಡುವಂತಿಲ್ಲ. ಅನುಮತಿ ಕೇಳಿದ್ದೀರಾ ಎಂದು ಎರಡು ದಿನ ಬಿಟ್ಟು ಹೋಗಿ ವಿಚಾರಿಸಿ. ಫಲಿತಾಂಶ ಘೋಷಣೆಯಾಗಿಬಿಟ್ಟಿದ್ದರೆ ದಾರಿ ಚುನಾವಣಾ ತಕರಾರು ಅರ್ಜಿ. ಅದನ್ನು ಸಿವಿಲ್ ನ್ಯಾಯಾಲಯದಲ್ಲಿ 30 ದಿನದೊಳಗೆ ಹಾಕಬೇಕು.

ಇನ್ನು ಅತ್ತಿಗೆಯವರ ವಿಷಯ. ಅವರಿಗೆ ಹೇಳಿರುವುದು ಶುದ್ಧ ತಪ್ಪು. ಮಹಿಳೆಗೆ ಮೀಸಲಾದ ಸೀಟಿನಲ್ಲಿ ಗಂಡಸರು ನಿಲ್ಲುವಂತಿಲ್ಲ. ಸಾಮಾನ್ಯ ಸೀಟಿನಲ್ಲಿ ಹೆಂಗಸರು ನಿಲ್ಲಬಾರದೆಂದು ಎಲ್ಲೂ ಇಲ್ಲ. ನಿಮ್ಮ ವಾರ್ಡಿನ ಮೂರರಲ್ಲಿ ಒಂದು ಸಾಮಾನ್ಯವಾಗಿದ್ದರೆ ಅತ್ತಿಗೆಯವರು ಅದಕ್ಕೆ ನಾಮಪತ್ರ ಹಾಕಬಹುದು, ಯಾವ ಜಾತಿಯವರೇ ಆಗಿರಲಿ. 1983ರ ಪಂಚಾಯಿತಿ ಕಾಯ್ದೆ ತಂದು, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಕಾಲದಲ್ಲಿ, 1987ರಲ್ಲಿ, ಹೆಂಗಸರಿಗೆ ಶೇ 25 ಮೀಸಲಿಟ್ಟು ಚುನಾವಣೆ ನಡೆಸಿದ ರಾಜ್ಯ ನಮ್ಮದು. 2010ರಲ್ಲಿ ಅದು ಶೇ 50 ಆಯಿತು. ಇಷ್ಟಾದರೂ ಇರಲೇಬೇಕು ಎಂಬುದು ಅದರ ಅರ್ಥ, ಇಷ್ಟೇ ಇರಬೇಕು ಎಂದಲ್ಲ.

ಸಮಯ ಎಷ್ಟು ಕಡಿಮೆ ಇರುತ್ತದೆಂದು ಮೊದಲು ತಿಳಿದುಕೊಳ್ಳಲಿ. 2020ರ ಗ್ರಾಮ ಪಂಚಾಯಿತಿ ಚುನಾವಣೆಯ ಮೊದಲ ಹಂತವನ್ನೇ ನೋಡಿ. ಡಿಸೆಂಬರ್ 7ಕ್ಕೆ ಅಧಿಸೂಚನೆ, 11ಕ್ಕೆ ನಾಮಪತ್ರಕ್ಕೆ ಕೊನೆ, 12ಕ್ಕೆ ಪರಿಶೀಲನೆ, 14ಕ್ಕೆ ವಾಪಸಾತಿ, 22ಕ್ಕೆ ಮತದಾನ. ನಾಮಪತ್ರಕ್ಕೆ ಸಿಕ್ಕಿದ್ದು ಐದು ದಿನ, ಪ್ರಚಾರಕ್ಕೆ ಒಂದು ವಾರ. ಅದೂ ಅರೇಬಿಕಾ ಕಾಫಿ ಕೊಯ್ಲಿನ ನಡುವೆ. ಆ ಐದು ದಿನದಲ್ಲಿ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ಕೈಗೆ ಬರುವುದಿಲ್ಲ. ಕಾಗದಪತ್ರ ಈಗಲೇ ಹೊಂದಿಸಿಕೊಳ್ಳಬೇಕು.

ವಯಸ್ಸು 21 ತುಂಬಿರಬೇಕು. ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಇದೇ ವಾರ್ಡಿನಲ್ಲೇ ಇರಬೇಕೆಂದಿಲ್ಲ. ಸೂಚಕರು, ಅಂದರೆ ನಾಮಪತ್ರದಲ್ಲಿ ಅಭ್ಯರ್ಥಿಯ ಹೆಸರು ಸೂಚಿಸಿ ಸಹಿ ಹಾಕುವವರು, ಮಾತ್ರ ನಿಲ್ಲುವ ವಾರ್ಡಿನ ಮತದಾರರೇ ಆಗಿರಬೇಕು. ಇಲ್ಲೇ ಬಹಳ ನಾಮಪತ್ರ ತಿರಸ್ಕೃತವಾಗಿ ಬೀಳುತ್ತವೆ. ಪಕ್ಕದ ಮನೆಯವರೇ ಸಹಿ ಹಾಕಿರುತ್ತಾರೆ, ಆದರೆ ರಸ್ತೆಯ ಆಚೆ ಬದಿ ಬೇರೆ ವಾರ್ಡು. ಪಟ್ಟಿ ತೆರೆದು ಸೂಚಕರ ಭಾಗ ಸಂಖ್ಯೆ, ಕ್ರಮ ಸಂಖ್ಯೆ ನೋಡಿಯೇ ಬರೆಯಲಿ. ಬೇರೆ ಬೇರೆ ಸೂಚಕರಿಂದ ಎರಡು ನಾಮಪತ್ರ ಹಾಕುವುದು ಕ್ಷೇಮ. ಒಂದು ಬಿದ್ದರೂ ಇನ್ನೊಂದು ಉಳಿಯುತ್ತದೆ, ಠೇವಣಿ ಒಂದೇ ಸಾಕು. 2020ರಲ್ಲಿ ಠೇವಣಿ ಸಾಮಾನ್ಯರಿಗೆ 200 ರೂಪಾಯಿ, ಮಹಿಳೆಯರಿಗೆ ಮತ್ತು ಮೀಸಲು ವರ್ಗದವರಿಗೆ 100 ರೂಪಾಯಿ ಇತ್ತು. ಐದು ಲಕ್ಷದ ಸವಾಲಿನ ಮುಂದೆ ಈ ನೂರು ರೂಪಾಯಿ ಇಟ್ಟು ನೋಡಿ. ಪಂಚಾಯಿತಿಗೆ ಮನೆ ಕಂದಾಯ, ನೀರಿನ ತೆರಿಗೆ ಬಾಕಿ ಇದ್ದರೆ ಕಟ್ಟಿ ರಸೀದಿ ಇಟ್ಟುಕೊಳ್ಳಲಿ.

ಮೀಸಲು ಸೀಟಿಗೆ ನಿಲ್ಲುವ ಹೆಂಗಸರು ಒಂದು ಮಾತು ನೆನಪಿಡಬೇಕು. ಜಾತಿ ಬರುವುದು ತಂದೆಯ ಕಡೆಯಿಂದ, ಗಂಡನ ಕಡೆಯಿಂದಲ್ಲ. ಗಂಡನ ಹೆಸರಿನ ಆಧಾರದಲ್ಲಿ ಮಾಡಿಸಿದ ಪ್ರಮಾಣಪತ್ರ ಪರಿಶೀಲನೆಯಲ್ಲಿ ತಕರಾರಿಗೆ ಸಿಕ್ಕಿಬೀಳುತ್ತದೆ. ಸೊಸೆ ಬೇರೆ ತಾಲ್ಲೂಕಿನಿಂದ ಬಂದವಳಾದರೆ ತವರಿನ ದಾಖಲೆ ತರಿಸಲು ದಿನ ಹಿಡಿಯುತ್ತದೆ. ಹಿಂದುಳಿದ ವರ್ಗದವರಿಗೆ ಪಂಚಾಯಿತಿ ಚುನಾವಣೆಯಲ್ಲಿ 'ಅ' ಮತ್ತು 'ಬ' ಎಂಬ ವಿಂಗಡಣೆ. ಮಕ್ಕಳ ಕಾಲೇಜಿಗೆಂದು ಮಾಡಿಸಿದ 2ಎ, 3ಎ ಪತ್ರ ತೆಗೆದುಕೊಂಡು ಹೋಗಿ ಕೌಂಟರಿನಲ್ಲಿ ನಿಲ್ಲಬೇಡಿ. ಚುನಾವಣೆಗೆಂದೇ ಕೇಳಿ ಮಾಡಿಸಿ.

ಇನ್ನೊಂದು ಎಚ್ಚರಿಕೆ ಅತ್ತಿಗೆಯವರಿಗೇ ನೇರವಾಗಿ. ವಾಪಸಾತಿ ಕಾಗದಕ್ಕೆ ಮುಂಚಿತವಾಗಿ ಸಹಿ ಹಾಕಿ ಯಾರ ಕೈಗೂ ಕೊಡಬೇಡಿ, 'ಮರ್ಯಾದೆಗೆ ಇಟ್ಟುಕೊಂಡಿರುತ್ತೇವೆ' ಎಂದರೂ. ನೀವು ಬರೆದುಕೊಟ್ಟ ಅಧಿಕಾರಪತ್ರ ಇದ್ದರೆ ಸೂಚಕರೂ ನಿಮ್ಮ ಪರವಾಗಿ ಅದನ್ನು ಸಲ್ಲಿಸಬಹುದು. ಒಮ್ಮೆ ಸಲ್ಲಿಸಿದ ಮೇಲೆ ರದ್ದು ಮಾಡಲು ಬರುವುದಿಲ್ಲ.

ಮತ ಕುಲಗೆಡುವುದಕ್ಕೆ ನಿಮ್ಮಂಥ ಮೂರು ಸೀಟಿನ ವಾರ್ಡು ಹೇಳಿ ಮಾಡಿಸಿದ ಜಾಗ. ಅಲ್ಲಿ ಮತದಾರನಿಗೆ ಮೂರು ಮತ. ಒಬ್ಬ ಅಭ್ಯರ್ಥಿಗೆ ಒಂದೇ. ಮೂರಕ್ಕಿಂತ ಕಡಿಮೆ ಹಾಕಿದರೆ ತೊಂದರೆಯಿಲ್ಲ. ನಾಲ್ಕು ಕಡೆ ಮೊಹರು ಬಿದ್ದರೆ ಇಡೀ ಮತಪತ್ರ ಹೋಯಿತು. ಸಂಬಂಧಿಕರು ನಾಲ್ವರು ನಿಂತಿದ್ದಾಗ ಯಾರಿಗೂ ಬೇಜಾರಾಗದಿರಲಿ ಎಂದು ನಾಲ್ವರಿಗೂ ಒತ್ತಿ ಬರುವವರಿದ್ದಾರೆ.

2020ರಲ್ಲಿ ಬೀದರ್ ಜಿಲ್ಲೆಯೊಂದನ್ನು ಬಿಟ್ಟು ಎಲ್ಲ ಕಡೆ ಮತಪತ್ರವೇ ಇತ್ತು. ಮತಪತ್ರದಲ್ಲಿ ಕೆಡುವ ಬಗೆ ಕಣ್ಣಾರೆ ನೋಡಬೇಕು. ಅಕ್ಷರ ಬಾರದ ಅಜ್ಜಿ, ಮತಪತ್ರ ಹರಿದುಕೊಟ್ಟ ಮೇಲೆ ಅಧಿಕಾರಿಯ ಬಳಿ ಉಳಿಯುವ ಪ್ರತಿಹಾಳೆಯ ಮೇಲೆ ಹೆಬ್ಬೆಟ್ಟು ಒತ್ತುತ್ತಾರೆ. ಬೆರಳಿನಲ್ಲಿ ಶಾಯಿ ಉಳಿದಿರುತ್ತದೆ. ಅದೇ ಕೈಯಲ್ಲಿ ಮತಪತ್ರ ಹಿಡಿದಾಗ ಹೆಬ್ಬೆಟ್ಟಿನ ಗುರುತು ಮೂಡುತ್ತದೆ. ಮತದಾರ ಯಾರೆಂದು ತೋರಿಸುವ ಗುರುತು ಇದ್ದರೆ ಮತಪತ್ರ ತಿರಸ್ಕೃತವಾಗಬಹುದು. ಹೆಬ್ಬೆಟ್ಟು ಒತ್ತಿದ ಕೂಡಲೇ ತಲೆಗೂದಲಿಗೆ ಒರೆಸಿಕೊಳ್ಳುವ ಹಳೆಯ ರೂಢಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದನ್ನು ಮರೆಯದೆ ಹೇಳಿ ಕಳಿಸಿ. ಆಮೇಲೆ ಮೊಹರು. ಚಿಹ್ನೆ ಇರುವ ಮನೆಯೊಳಗೇ ಬೀಳಬೇಕು. ಎರಡು ಮನೆಯ ನಡುವಿನ ಗೆರೆಯ ಮೇಲೆ ಬಿದ್ದು ಯಾರಿಗೆಂದು ತಿಳಿಯದಿದ್ದರೆ ಎಣಿಕೆಗೆ ಬರುವುದಿಲ್ಲ. ಜೇಬಿನ ಪೆನ್ನಿನಿಂದ ರೈಟ್ ಗುರುತು ಹಾಕಿದರೂ ಅಷ್ಟೇ. ಮೂರು ಮೊಹರು ಒತ್ತಿದ ಹಾಳೆಯಲ್ಲಿ ಶಾಯಿ ಹಸಿಯಾಗಿರುತ್ತದೆ. ಅಡ್ಡಕ್ಕೆ ಮಡಿಸಿದರೆ ಮೇಲಿನ ಗುರುತು ಕೆಳಗಿನ ಅಭ್ಯರ್ಥಿಯ ಮೇಲೆ ಅಂಟುತ್ತದೆ. ಒಂದು ಕ್ಷಣ ಆರಲು ಬಿಟ್ಟು, ಮೊದಲು ಉದ್ದಕ್ಕೆ ಮಡಿಸಿ, ಆಮೇಲೆ ಅಡ್ಡಕ್ಕೆ ಮಡಿಸಬೇಕು. ಮಡಿಸಿದ್ದರಿಂದ ಅಂಟಿದ ತಿರುಗುಮುರುಗು ಗುರುತನ್ನು ಲೆಕ್ಕಕ್ಕೆ ಹಿಡಿಯಬಾರದು, ಮೂಲ ಗುರುತು ಸ್ಪಷ್ಟವಿದ್ದರೆ ಮತ ಸಿಂಧು. ಎಣಿಕೆ ಏಜೆಂಟರಿಗೆ ಇದು ಗೊತ್ತಿದ್ದು, ಮೇಜಿನ ಬಳಿಯೇ ಹೇಳಬೇಕು. ಸುಮಾರು 400 ಜನಕ್ಕೆ ಒಬ್ಬ ಸದಸ್ಯನಿರುವ ಚುನಾವಣೆಯಲ್ಲಿ ಗೆಲುವಿನ ಅಂತರ ಹಲವು ಸಲ ಬೆರಳೆಣಿಕೆಯದು. ಸಮ ಬಿದ್ದರೆ ಚೀಟಿ ಎತ್ತುತ್ತಾರೆ.

ಮೂರು ಮತದ ಲೆಕ್ಕ ಅತ್ತಿಗೆಯವರಿಗೂ ಬೇಕು. 600 ಮತಪತ್ರ ಬಿದ್ದವೆನ್ನಿ. ಒಂದು ಗುಂಪಿನ 320 ಜನ ತಮ್ಮ ಮೂವರಿಗೇ ಒತ್ತಿದರೆ ಮೂರು ಸೀಟೂ ಅವರದೇ, ಉಳಿದ 280 ಜನಕ್ಕೆ ಏನೂ ಸಿಗುವುದಿಲ್ಲ. ಗುಂಪಿಲ್ಲದೆ ಒಬ್ಬರೇ ನಿಂತವರ ಕಷ್ಟ ಇದು. ಅವರ ಬೆಂಬಲಿಗರು ಅತ್ತಿಗೆಗೆ ಒಂದು ಮತ ಹಾಕಿ, ಉಳಿದೆರಡನ್ನು ದಾಕ್ಷಿಣ್ಯಕ್ಕೆ ಅದೇ ಸೀಟಿನ ಎದುರಾಳಿಗಳಿಗೆ ಹಂಚಿದರೆ ಅತ್ತಿಗೆಯನ್ನು ತಾವೇ ಸೋಲಿಸಿದಂತೆ. ಉಳಿದ ಮತ ಹಾಕಲೇಬೇಕೆಂಬ ಕಡ್ಡಾಯವಿಲ್ಲ ಎಂದು ಮನೆಮನೆಯಲ್ಲಿ ತಿಳಿಸಲಿ.

ಕೊನೆಗೆ ಲೈನ್ ಮನೆಗಳ ವಿಷಯ. ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ. ತೋಟ ಬದಲಿಸಿದ ಕುಟುಂಬದ ಹೆಸರು ಹಳೆಯ ತೋಟದ ಭಾಗದಲ್ಲೇ ಉಳಿದಿರುತ್ತದೆ. ಪಂಚಾಯಿತಿಯ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯಿಂದ. ಆದ್ದರಿಂದ ತಿದ್ದುಪಡಿ ಅಲ್ಲೇ ಆಗಬೇಕು. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆಗೆ ನಮೂನೆ 8, ಮತಗಟ್ಟೆ ಮಟ್ಟದ ಅಧಿಕಾರಿಯ (ಬಿಎಲ್ಒ) ಹತ್ತಿರ ಕೊಟ್ಟರಾಯಿತು. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಕೈತಪ್ಪಬಹುದು. ಸಂಜೆ ಕಾಫಿ ಹಣ್ಣು ಅಳೆದು ಮುಗಿದ ಹೊತ್ತಿಗೆ ಲೈನಿಗೆ ಹೋದರೆ ಎಲ್ಲರೂ ಸಿಗುತ್ತಾರೆ. ಕರಡು ಪಟ್ಟಿಯ ಒಂದು ಪ್ರತಿ ಕೈಯಲ್ಲಿರಲಿ, ಒಂದೊಂದೇ ಹೆಸರು ಓದಿ ಹೇಳಿ.

- ಸಂಪಾದಕ